ಮನೆಗೊಂದೇ ಸೂಜಿ

ಹಾಳು ಜ್ವರ ಹೇಳಿ ಕೇಳಿ ಬರುತ್ತದೆಯೇ? ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಂದ ಮಗಳ ಹಣೆ ಮುಟ್ಟಿದ ಶಾಲಿನಿಗೆ ಕೈ ಸುಟ್ಟಂತಾಯಿತು. ಅಷ್ಟರಲ್ಲಿ ಪುಟ್ಟಿ ಕೆಮ್ಮುತ್ತಲೇ ನಡುಮನೆಗೆ ಓಡಿದ್ದಳು. ಅಲ್ಲಿ ತಾತ ಚಿಕ್ಕಬೈರಪ್ಪ ಊಟಕ್ಕೆ ಕೂತಿದ್ದರು.

ಸಾರಕ್ಕಿಯ ಆ ಮನೆಯಲ್ಲಿ ಮುದ್ದೆಯ ಮೊದಲ ತುತ್ತು ಮೊಮ್ಮಗಳಿಗೆ, ಅವಳು ಬಿಟ್ಟ ಎಂಜಲು ತಾತನಿಗೆ. ಸಾಕ್ಷಾತ್ ಮಾರಮ್ಮನೇ ಬಂದು ಬೇಡವೆಂದರೂ ಅದು ತಪ್ಪುತ್ತಿರಲಿಲ್ಲ.

ಮಾವನಿಗಿದ್ದದ್ದು ರಕ್ತದ ಕ್ಯಾನ್ಸರ್, ವರ್ಷಗಟ್ಟಲೆ ಎಳೆಯುವಂಥದ್ದು. ಫ್ಲೂ ಜ್ವರ ತಡೆಯುವ ಸೂಜಿ ಹಾಕುವಾಗಲೇ ಡಾಕ್ಟರ್ ಬದರಿನಾಥ ಎಚ್ಚರಿಸಿದ್ದರು. "ಇವರ ರಕ್ತದಲ್ಲಿ ಬಿಳಿಕಣ ರಾಶಿ ರಾಶಿ ಇವೆ ಕಣಮ್ಮ, ಆದ್ರೆ ಆಟಕ್ಕುಂಟು ಲೆಕ್ಕಕ್ಕಿಲ್ಲ. ಸೂಜಿ ಕಲಿಸೋ ಪಾಠ ಅವಕ್ಕೆ ಸರಿಯಾಗಿ ಹತ್ತಲ್ಲ. ಮನೆಯವರೆಲ್ಲ ಹಾಕಿಸ್ಕೊಳ್ಳಿ. ನೀವೇ ಇವರಿಗೆ ಬೇಲಿ."

ಎಲ್ಲರೂ ತಲೆಯಾಡಿಸಿದರು. ಮನೆಗೆ ಬಂದು ಅತ್ತೆ ಮುನಿವೆಂಕಟಮ್ಮ ದೇವರಿಗೆ ಕಾಯಿ ಒಡೆದರು. ಕಾಯಿಲೆಯವರಿಗೆ ಹಾಕಿಸಿಯಾಯಿತಲ್ಲ, ಗಟ್ಟಿಮುಟ್ಟಾಗಿರುವವರಿಗೆ ಯಾಕೆ ಎಂದು ಮಿಕ್ಕವರದು ಅಲ್ಲಿಗೇ ನಿಂತಿತು. ಅವರ ಬುದ್ಧಿಗಿಷ್ಟು ಬೆಂಕಿ ಹಾಕ!

"ಮಾವ, ಅವಳನ್ನ ಮುಟ್ಬೇಡಿ! ಜ್ವರ ಬಂದಿದೆ!" ಶಾಲಿನಿ ಮಗಳ ಹಿಂದೆಯೇ ನಡುಮನೆಗೆ ಓಡಿಬಂದಳು.

"ನಂಗೆ ಸೂಜಿ ಹಾಕ್ಸಿದೀರಲ್ಲಮ್ಮ, ಏನೂ ಆಗಲ್ಲ. ಬಾ ಕಂದ."

ಮದುವೆಯಾಗಿ ಬಂದಾಗಿನಿಂದ ಮಾವನೆದುರು ದನಿಯೆತ್ತದ ಶಾಲಿನಿ ಮಗಳ ರಟ್ಟೆ ಹಿಡಿದು ಎಳೆದಳು. ತುತ್ತು ನೆಲಕ್ಕೆ ಬಿತ್ತು. ಆದರೆ ತೊಡೆಯೇರಿದ್ದ ಪುಟ್ಟಿ ಅಷ್ಟರಲ್ಲೇ ತಾತನ ಮುಖಕ್ಕೆ ಕೆಮ್ಮಿಯಾಗಿತ್ತು.

"ಉಣ್ಣೋಕೆ ಕೂತೋರ ಮುಂದೆ ಹಿಂಗಾ ಕಿರುಚೋದು?" ಅತ್ತೆ ರೇಗಿದರು.

ಚಿಕ್ಕಬೈರಪ್ಪ ಉಣ್ಣದೆ ಎದ್ದು ಕೈ ತೊಳೆದು, ಮಹಡಿಯ ಖಾಲಿ ಬಾಡಿಗೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ಶಾಲಿನಿ ಹೊಸ್ತಿಲಲ್ಲಿ ತಟ್ಟೆ ಇಟ್ಟು ಬರುತ್ತಿದ್ದಳು. ಸಿಟ್ಟಾದರೆ ಆಗಲಿ, ಜೀವ ಒಂದು ಉಳಿದರೆ ಸಾಕು ಎಂದು ಬಾಗಿಲಿಗೆ ಕಿವಿಯಿಟ್ಟು ಕೆಮ್ಮು ಕೇಳುತ್ತದೆಯೇ ಎಂದು ಆಲಿಸುತ್ತಿದ್ದಳು.

ಸೋಮವಾರ ಬೆಳಿಗ್ಗೆ ನೋಡಿದರೆ ರಾತ್ರಿಯ ತಟ್ಟೆ ಇಟ್ಟಲ್ಲೇ ಇತ್ತು. ಅವಳು ಬಾಗಿಲು ಬಡಿದಳು.

"ಮಾವ!"

ಬಾಗಿಲು ಸ್ವಲ್ಪವೇ ತೆರೆಯಿತು. ಬಾಯಿಗೆ ಟವೆಲ್ ಒತ್ತಿ ನಿಂತಿದ್ದರು, ಕಣ್ಣು ಕೆಂಡ. "ಮೈ ಸುಡ್ತಿದೆ ಕಣಮ್ಮ, ಉಸಿರೂ ಆಡ್ತಿಲ್ಲ. ಆಟೋ ಕರೆಸು." ಮತ್ತೆ ಮೆಲ್ಲಗೆ ಅಂದರು, "ಮಗೀಗೆ ಮಾತ್ರ ಹೇಳ್ಬೇಡ, ಅವಳಿಂದ ಬಂತು ಅಂತ."

ಶಾಲಿನಿ ಬಿದ್ದಂಬೀಳ ಮೆಟ್ಟಿಲಿಳಿದಳು. ಜ್ವರ ಬಿಟ್ಟಿದ್ದ ಪುಟ್ಟಿ ಕೆಳಗೇ ನಿಂತಿದ್ದಳು.

"ತಾತಂಗೇನಾಯ್ತಮ್ಮ?"

"ಮಳೇಲಿ ನೆಂದು ಜ್ವರ ಬಂದಿದೆ ಪುಟ್ಟಿ." ವಾರದಿಂದ ಒಂದು ಹನಿ ಮಳೆ ಬಿದ್ದಿರಲಿಲ್ಲ.

"ಅಷ್ಟೇನಾ?" ಪುಟ್ಟಿ ಅಮ್ಮನ ಸೆರಗಿನಿಂದ ಅಮ್ಮನ ಕಣ್ಣೊರೆಸಿದಳು. "ಅಳಬೇಡ. ತಾತಂಗೆ ಸೂಜಿ ಹಾಕ್ಸಿದೀವಲ್ಲ, ಏನೂ ಆಗಲ್ಲ."