ಪ್ಲಾಸ್ಟಿಕ್ ಹೊದ್ದ ಯಂತ್ರ

"ಮುಟ್ಟಬ್ಯಾಡ, ಕಲ್ಯಾಣಿ!" ವಿಭಾಗದ ಮುಖ್ಯಸ್ಥ ವಿಶ್ವೇಶ ಸರ್ ಲ್ಯಾಬಿನ ಬಾಗಿಲಲ್ಲೇ ಕೂಗಿದರು. "ಇನ್ನೇನು ಕಮಿಟಿಯವ್ರು ಬರ್ತಾರ. ಅವರ ಕಣ್ಣಿಗೆ ಹೊಸಾದು ಕಾಣಬೇಕು."

ಕಲ್ಯಾಣಿ ಕೈ ಹಿಂದಕ್ಕೆ ಎಳೆದುಕೊಂಡಳು. ಮುಟ್ಟಬೇಡ ಎನ್ನುವ ಮಾತು ಅವಳ ಮನೆತನಕ್ಕೇನು ಹೊಸದೇ! ಅಜ್ಜ ಅದನ್ನು ಗುಡಿಯ ಬಾಗಿಲಲ್ಲಿ ಕೇಳಿದ್ದ. ಮೊಮ್ಮಗಳು ರಾಯಚೂರಿನ ಕಾಲೇಜಿನಲ್ಲಿ, ಸಂಶೋಧನೆಗೆಂದೇ ಸರ್ಕಾರ ಕೊಡಿಸಿದ ಕಂಪ್ಯೂಟರಿನ ಮುಂದೆ ಕೇಳುತ್ತಿದ್ದಳು. ಆ ಯಂತ್ರ ಬಂದು ಆರು ತಿಂಗಳಾಗಿತ್ತು. ಹಣೆಗೆ ಕುಂಕುಮ, ಮೈಗೆ ಪ್ಲಾಸ್ಟಿಕ್, ಕೋಣೆಗೆ ಬೀಗ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಸುಮ್ಮನೆ ಹೇಳುತ್ತಾರೆಯೇ!

ಅವಳ ಸಂಶೋಧನೆಯ ಲೆಕ್ಕ ಕೃಷ್ಣಾ ಹೊಳೆಯದು. ಡ್ಯಾಮಿನ ಗೇಟು ತೆರೆದರೆ ದೇವದುರ್ಗದ ಕಡೆ ಯಾವ ಊರೊಳಗೆ ನೀರು ಎಲ್ಲಿತನಕ ನುಗ್ಗುತ್ತದೆ ಎಂಬುದು. ನೆಲವನ್ನೆಲ್ಲ ಲಕ್ಷಾಂತರ ಚೌಕ ಮಾಡಿ ಪ್ರತಿಯೊಂದರ ನೀರನ್ನೂ ಲೆಕ್ಕ ಹಾಕಬೇಕು. ಹಳೆಯ ಕಂಪ್ಯೂಟರು ವಾರಗಟ್ಟಲೆ ತೇಕುತ್ತಿತ್ತು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ನಾಳೆ ಗೇಟು ತೆರೆಯುತ್ತಾರೆಂಬ ಸುದ್ದಿ ಬೇರೆ. ಹೊಳೆದಂಡೆಯಲ್ಲೇ ಅವಳ ಸೋದರಮಾವ ಮೂಕಪ್ಪನ ಮನೆ.

ಕಮಿಟಿ ಬಂತು. "ಇದರ ವಿಶೇಷ ಏನು?" ಎಂದು ಹಿರಿಯರೊಬ್ಬರು ಕೇಳಿದರು. ವಿಶ್ವೇಶ ಸರ್ ಅದರ ಬೆಲೆ ಹೇಳಿದರು.

ಕಲ್ಯಾಣಿಗೆ ತಡೆಯಲಾಗಲಿಲ್ಲ. "ನಾಟಿ ಹಚ್ಚಿದಂಗ್ರೀ ಸರ್. ಹಳೇ ಕಂಪ್ಯೂಟರ್ ಅಂದ್ರ ಒಬ್ಬಾಕಿ ಚುರುಕ ಹೆಣ್ಮಗಳು. ಗದ್ದಿ ಮುಗಸಾಕ ತಿಂಗಳು ಬೇಕು. ಇದರಾಗ ಸಾವಿರಾರು ಮಂದಿ ಅದಾರ. ಒಬ್ಬೊಬ್ರು ಅಷ್ಟೇನ್ ಚುರುಕಿಲ್ಲ, ಆದ್ರ ಎಲ್ಲಾರೂ ಒಮ್ಮಿಗೇ ಬಗ್ತಾರ. ನಮ್ಮೂರು ಮಲ್ಲಟದಾಗ ನಮ್ಮವ್ವ ಹಂಗ ಗುಂಪು ಕಟ್ಕೊಂಡು ನಾಟಿ ಹಚ್ತಾಳ್ರೀ."

"ನಡೆಸಿ ತೋರಿಸಮ್ಮ."

ವಿಶ್ವೇಶ ಸರ್ ಮುಖ ಹುಳ್ಳಗಾಯಿತು. "ಅದು... ಇನ್ನೂ..."

"ಇನ್ನೂ ಕವರೇ ಬಿಚ್ಚಿಲ್ರೀ," ಎಂದಳು ಕಲ್ಯಾಣಿ. ಆರು ತಿಂಗಳ ಸಿಟ್ಟೆಲ್ಲ ಬೆರಳಿಗೆ ಬಂದಿತ್ತು. ಪ್ಲಾಸ್ಟಿಕ್ಕನ್ನು ಪರ್ರನೆ ಹರಿದಳು.

ಯಂತ್ರ ಚಾಲೂ ಮಾಡಿ, ಅದಕ್ಕೆಂದೇ ಬರೆದಿಟ್ಟಿದ್ದ ಲೆಕ್ಕವನ್ನು ಪೆನ್‌ಡ್ರೈವಿನಿಂದ ಹಾಕಿದಳು. ಕಮಿಟಿಯವರು ಉಪ್ಪಿಟ್ಟು ತಿಂದು ಚಹಾ ಕುಡಿಯುವಷ್ಟರಲ್ಲಿ ಪರದೆಯ ಮೇಲೆ ನಕಾಶೆ ಮೂಡಿತು. ನೀಲಿ ಬಣ್ಣ ದಂಡೆ ದಾಟಿತು, ರಸ್ತೆ ದಾಟಿತು, ಮೂಕಪ್ಪನ ಓಣಿ ಹೊಕ್ಕಿತು.

"ಭೇಷ್!" ಎಂದರು ಹಿರಿಯರು. ಎಲ್ಲರೂ ಚಪ್ಪಾಳೆ ತಟ್ಟಿದರು. "ನಮ್ಮ ಹುಡುಗಿ ಸರ್," ಎನ್ನುತ್ತ ವಿಶ್ವೇಶ ಸರ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ನಾಚಿಕೆಯಾದರೂ ಬೇಡವೇ ಮನುಷ್ಯನಿಗೆ!

ಕಲ್ಯಾಣಿ ಆಗಲೇ ಫೋನ್ ಹಚ್ಚಿದ್ದಳು. "ಮಾವಾ, ದನ ಬಿಚ್ಚು. ಅತ್ತೀನ್ನ ಕರಕೊಂಡು ಈಗಿಂದೀಗ ಮನಿ ಬಿಡ್ರಿ. ನಾಳಿ ನೀರು ಓಣಿಗೆ ಬರ್ತದ."

"ಇವತ್ತ ನಸುಕಿನ್ಯಾಗೇ ನೀರು ಬಿಟ್ಟಾರ ಯವ್ವಾ." ಮೂಕಪ್ಪನ ದನಿ ಗಾಳಿಯಲ್ಲಿ ಒಡೆಯುತ್ತಿತ್ತು. "ದನ ಹೋದವು. ನಾವೆಲ್ಲಾ ಸಾಲಿ ಮಾಳಗಿ ಮ್ಯಾಲ ಅದೀವಿ. ನೀರು ಇನ್ನಾ ಏರಾಕತ್ತದ. ಈಸಿ ದಾಟೂಣೇನು?"

ಅವಳು ನಕಾಶೆಯಲ್ಲಿ ಶಾಲೆಯನ್ನು ಹುಡುಕಿದಳು. ಸುತ್ತಲೂ ನೀಲಿ. ನಡುವೆ ಶಾಲೆಯದೊಂದೇ ಚೌಕ ನೀರು ತಾಗದೆ ಬೆಳ್ಳಗಿತ್ತು.

"ಇಳೀಬ್ಯಾಡ್ರಿ ಮಾವಾ. ಅಲ್ಲೇ ಇರ್ರಿ," ಎಂದು ಆ ಚೌಕದ ಮೇಲೆ ಬೆರಳಿಟ್ಟು ನಿಂತಳು.