ಉಳಿಗೊಂದು ಜಾಗ

ಅಡುಗೆಮನೆಯ ಹಿಂಬಾಗಿಲು ತೆರೆದರೆ ಎದುರಿಗೇ ಬಡಗಿಯ ಕೆಲಸದ ಕೋಣೆ. ಮೂವತ್ತು ವರ್ಷದಿಂದ ಅವನು ಅಲ್ಲೇ ಕುರ್ಚಿ, ಮೇಜು, ತೊಟ್ಟಿಲು ಮಾಡುತ್ತಿದ್ದ. ಕೆಲಸದಲ್ಲಿ ಎತ್ತಿದ ಕೈ. ಆದರೆ ಆ ಕೋಣೆಯಲ್ಲಿ ಮನೆಯವರು ಕಾಲಿಟ್ಟ ಕಡೆ ಕಣ್ಣಿಟ್ಟೇ ನಡೆಯಬೇಕಿತ್ತು. ಸುತ್ತಿಗೆ ನೆಲದ ಮೇಲೆ, ಗರಗಸ ಕಿಟಕಿಯಲ್ಲಿ, ಡ್ರಿಲ್ಲಿನ ವೈರು ಬಾಗಿಲಿಗೆ ಅಡ್ಡ. ಉಳಿಗಳೆಲ್ಲ ಹಳೆಯ ಬಣ್ಣದ ಡಬ್ಬಿಯಲ್ಲಿ, ಅಲಗು ಮೇಲಕ್ಕೆ.

"ಒಂದು ಕಡೆ ಜೋಡಿಸಿ ಇಟ್ಕೋಬಾರದಾ?" ಎಂದು ಹೆಂಡತಿ ಕೇಳಿದರೆ ಅವನ ಉತ್ತರ ಸಿದ್ಧವಾಗಿರುತ್ತಿತ್ತು.

"ಇದು ಕೆಲಸ ಮಾಡೋ ಜಾಗ ಕಣೇ, ಪಾತ್ರೆ ಅಂಗಡಿ ಅಲ್ಲ. ಯಾವುದು ಎಲ್ಲಿದೆ ಅಂತ ನನ್ನ ಕೈಗೆ ಗೊತ್ತು."

ಒಂದು ಬೆಳಿಗ್ಗೆ ಪಕ್ಕದ ಮನೆಯ ಸಿಸ್ಟರಕ್ಕ ತಮ್ಮ ಸ್ಟೂಲು ತೆಗೆದುಕೊಂಡು ಹೋಗಲು ಬಂದರು. ಆಕೆ ಇಪ್ಪತ್ತಾರು ವರ್ಷ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ನರ್ಸಾಗಿದ್ದವರು. ಹೋದ ವರ್ಷವಷ್ಟೇ ನಿವೃತ್ತಿಯಾಗಿತ್ತು. ಸ್ಟೂಲಿನ ಒಂದು ಕಾಲು ಕೂರಿಸುವುದು ಬಾಕಿ. ಅದಕ್ಕೆ ಬೇಕಾದ ಸಣ್ಣ ಉಳಿಯನ್ನು ಬಡಗಿ ಹತ್ತು ನಿಮಿಷದಿಂದ ಹುಡುಕುತ್ತಿದ್ದ.

"ಈಗ ತಾನೇ ಮೇಜಿನ ತುದೀಲಿ ಇಟ್ಟಿದ್ದೆ. ಲೇ, ಗುಡಿಸುವಾಗ ಎತ್ತಿಟ್ಯಾ?"

"ಈ ಕೋಣೇಲಿ ಪೊರಕೆ ಆಡೋಕೇ ಜಾಗ ಇಲ್ಲ. ಎಲ್ಲಿ ಗುಡಿಸ್ಲಿ?" ಎಂದಳು ಹೆಂಡತಿ.

ಸಿಸ್ಟರಕ್ಕ ನಕ್ಕರು. "ನಮ್ಮಲ್ಲಿ ಒಂದು ಕತ್ತರಿ ಕಾಣದಿದ್ರೂ ಡಾಕ್ಟರು ಹೊಲಿಗೆ ಹಾಕ್ತಿರಲಿಲ್ಲ. ಎಲ್ಲಾ ಎಣಿಸಿ, ಅದು ಸಿಕ್ಕಿದ ಮೇಲೇ ಮುಂದಿನ ಕೆಲಸ."

"ಅಲ್ಲಿ ಮನುಷ್ಯರ ಹೊಟ್ಟೆ ಅಕ್ಕ. ಇಲ್ಲಿ ಬರೀ ಮರ. ಇದೇನು ದೂರು ಹೇಳುತ್ತಾ?"

ಅಷ್ಟರಲ್ಲಿ ಮಗಳು ಬಟ್ಟೆ ಒಣಹಾಕಿ ಒಳಗೆ ಬಂದಳು. ನಾಲ್ಕು ದಿನ ಇದ್ದು ಹೋಗಲು ಮಗುವಿನೊಂದಿಗೆ ತವರಿಗೆ ಬಂದಿದ್ದಳು. "ಅಮ್ಮಾ, ಪಾಪು ನಿನ್ನ ಹತ್ರ ಇದ್ದಾಳಾ?"

"ಇಲ್ವಲ್ಲ. ನಿನ್ನ ಹಿಂದೇನೇ ಹೋದ್ಲಲ್ಲ?"

ಬಡಗಿಯ ಕಣ್ಣು ಮೇಜಿನ ಖಾಲಿ ತುದಿಗೆ ಹೋಯಿತು. ಮೊಮ್ಮಗಳಿಗೆ ಇನ್ನೂ ಎರಡೂವರೆ ವರ್ಷ.

ಮಗಳು ಬೀದಿ ಬಾಗಿಲಿಗೆ ಓಡಿದಳು. ಚಿಲಕ ಹಾಕಿತ್ತು. ಹೆಂಡತಿ ಮಂಚದ ಕೆಳಗೆ, ಬಚ್ಚಲಲ್ಲಿ, ನೀರಿನ ಡ್ರಮ್ಮಿನ ಹಿಂದೆ ನೋಡಿದಳು. ಮಗು ಇರಲಿಲ್ಲ.

ಸಿಸ್ಟರಕ್ಕ ಬಡಗಿಯನ್ನು ಕೇಳಿದರು, "ಆ ಉಳಿ ಬಿಟ್ರೆ ಇನ್ನೇನಾದ್ರೂ ಕಾಣ್ತಿಲ್ವಾ? ಬ್ಲೇಡು, ಮೊಳೆ, ಏನಾದ್ರೂ?"

ಅವನು ಸುತ್ತ ನೋಡಿದ. ಎಲ್ಲವೂ ಎಲ್ಲ ಕಡೆಯೂ ಇತ್ತು. ಏನಿದೆ, ಏನಿಲ್ಲ ಎಂದು ಹೇಳುವುದು ಹೇಗೆ?

"ಗೊತ್ತಿಲ್ಲ ಅಕ್ಕ" ಎಂದ.

ಆಗ ಗೋಡೆಗೆ ಒರಗಿಸಿದ್ದ ಹಲಗೆಗಳ ಹಿಂದಿನಿಂದ ಪರಪರ ಸದ್ದು ಬಂತು. ಬಗ್ಗಿ ನೋಡಿದರೆ, ಮರದ ಸುರುಳಿ ಸಿಪ್ಪೆಯ ರಾಶಿಯ ನಡುವೆ ಮಗು ಕುಳಿತಿತ್ತು. ಕೈಯಲ್ಲಿ ಉಳಿ. ಅದರಿಂದ ಸಿಪ್ಪೆಯನ್ನು ತಿರುವುತ್ತಿತ್ತು.

ಬಡಗಿ ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರಕ್ಕ ಅವನ ಭುಜ ಹಿಡಿದರು. "ಕೂಗಬೇಡಿ. ಬೆಚ್ಚಿದ್ರೆ ಅದರ ಮೇಲೇ ಬೀಳ್ತಾಳೆ. ಹಲಗೇನೂ ಜಾರದ ಹಾಗೆ ಹಿಡ್ಕೊಳ್ಳಿ."

ಅವನು ಎರಡೂ ಕೈಯಲ್ಲಿ ಹಲಗೆ ಹಿಡಿದು ನಿಂತ. ಹೆಂಡತಿ ಮೆಲ್ಲಗೆ ನೆಲದ ಮೇಲೆ ಕುಳಿತಳು. "ಏನ್ ಪುಟ್ಟಿ, ಅಡುಗೆ ಮಾಡ್ತಿದ್ದೀಯಾ?"

"ಹೂಂ."

"ಅಜ್ಜಿಗೂ ಹಸಿವು. ಆ ಸೌಟು ಕೊಡು, ನಾನೂ ಒಂಚೂರು ತಿರುವ್ತೀನಿ."

ಮಗು ಯೋಚಿಸಿತು. ಆಮೇಲೆ ಅಲಗಿನ ಕಡೆಯನ್ನೇ ಮುಂದೆ ಮಾಡಿ ಚಾಚಿತು. ಅಜ್ಜಿ ಅಲಗನ್ನು ಮುಟ್ಟದೆ, ಹಿಡಿಯವರೆಗೂ ಕೈ ಚಾಚಿ, ಉಳಿಯನ್ನು ತೆಗೆದುಕೊಂಡಳು. ಮರುಕ್ಷಣ ಮಗಳು ಮಗುವನ್ನು ಎತ್ತಿಕೊಂಡಿದ್ದಳು. ಅಂಗೈ, ಅಂಗಾಲು, ಮೊಣಕಾಲು, ಎಲ್ಲವನ್ನೂ ನೋಡಿದರು. ಫ್ರಾಕಿನ ಅಂಚು ಎರಡು ಬೆರಳಷ್ಟು ಸೀಳಿತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಹೋದ ಜೀವ ಬಂದಂತಾಯಿತು. ಬಡಗಿ ಮೂರೇ ಕಾಲಿನ ಸ್ಟೂಲಿನ ಮೇಲೆ ಕೂರಲು ಹೋಗಿ ಪಕ್ಕಕ್ಕೆ ವಾಲಿದ. ಅದನ್ನು ನೋಡಿ ಮಗು ಕಿಲಕಿಲ ನಕ್ಕಿತು. ಅಳುತ್ತಿದ್ದ ಮಗಳಿಗೂ ನಗು ಬಂತು. ಹೆಂಡತಿ ಎಲ್ಲರಿಗೂ ನೀರು ತಂದುಕೊಟ್ಟಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ನೀರು ಕುಡಿದು ಅವನೇ ಕೇಳಿದ, "ಅಕ್ಕಾ, ನಿಮ್ಮಲ್ಲಿ ಹೇಗೆ ಇಡ್ತಿದ್ರಿ, ಹೇಳಿ. ಆದ್ರೆ ದೊಡ್ಡ ಬೀರು ಇಡೋಕೆ ಇಲ್ಲಿ ಜಾಗ ಇಲ್ಲ."

"ಬೀರು ಯಾಕೆ? ನಿಮ್ಮ ನೆಲ ತುಂಬಿದೆ, ಗೋಡೆ ಖಾಲಿ ಇದೆ" ಎಂದರು ಸಿಸ್ಟರಕ್ಕ. "ಮೊದಲು ಎಲ್ಲಾ ಹೊರಗೆ ತೆಗೀರಿ. ದಿನಾ ಬೇಕಾಗೋದು ಒಂದು ಕಡೆ, ಅಪರೂಪಕ್ಕೆ ಬೇಕಾಗೋದು ಇನ್ನೊಂದು ಕಡೆ, ಕೆಟ್ಟಿದ್ದು ಬೇರೆ."

ಅಂದೇ ಮಧ್ಯಾಹ್ನ ಮಗುವನ್ನು ಮಲಗಿಸಿ, ಎಲ್ಲವನ್ನೂ ಅಂಗಳಕ್ಕೆ ತಂದು ಸುರಿದರು. ಕಳೆದುಹೋಯಿತೆಂದು ಬಡಗಿ ಬೇರೆ ಕೊಂಡಿದ್ದ ಅಳತೆ ಟೇಪುಗಳು ಮೂರು ಸಿಕ್ಕವು. ಸುತ್ತಿಗೆ ಎರಡು.

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು" ಎಂದಳು ಹೆಂಡತಿ. ಈಗ ಅಂದುಬಿಟ್ಟಳು. ಅವನು ಟೇಪುಗಳನ್ನು ಒಂದೊಂದಾಗಿ ಸುತ್ತಿಟ್ಟ.

ಮೇಜಿನ ಹಿಂದಿನ ಗೋಡೆಗೆ ಒಂದು ಪ್ಲೈವುಡ್ ಹಲಗೆ ಬಡಿದ. ದಿನಾ ಬಳಸುವ ಹತಾರಗಳನ್ನು ಕೈಗೆಟುಕುವ ಎತ್ತರದಲ್ಲಿ, ಮಗುವಿಗೆ ಎಟುಕದ ಹಾಗೆ ತೂಗುಹಾಕಿದ. ಉಳಿಗಳಿಗೆ ತೂತಿನ ಪಟ್ಟಿ ಮಾಡಿ, ಅಲಗು ಕೆಳಮುಖವಾಗಿ ಇಳಿಸಿ, ಅಲಗಿಗೆ ಮರೆ ಕಟ್ಟಿದ. ಡ್ರಿಲ್ಲು, ವಿದ್ಯುತ್ ಗರಗಸಗಳ ಪ್ಲಗ್ಗು ಕಿತ್ತು, ವೈರು ಸುತ್ತಿ, ಬೀಗವಿರುವ ಪೆಟ್ಟಿಗೆಗೆ ಸೇರಿಸಿದ. ಭಾರದ ಸಾಮಾನು ಮೇಜಿನ ಕೆಳಗಿನ ಗೂಡಿಗೆ ಹೋಯಿತು. ಹಲಗೆಗಳನ್ನು ಅಡ್ಡ ಮಲಗಿಸಿದ. ಕೋಣೆಯ ಬಾಗಿಲಿಗೆ ಮೇಲೊಂದು ಚಿಲಕ ಬಿತ್ತು.

"ಇನ್ನೊಂದೇ ಕೆಲಸ" ಎಂದರು ಸಿಸ್ಟರಕ್ಕ. "ಪ್ರತಿಯೊಂದರ ಸುತ್ತ ಪೆನ್ಸಿಲಲ್ಲಿ ಗೆರೆ ಎಳೀರಿ. ಯಾವುದು ಇಲ್ಲ ಅಂತ ಗೋಡೇನೇ ಹೇಳುತ್ತೆ."

"ಇದು ಮಕ್ಕಳಾಟ" ಎಂದು ಬಡಗಿ ಗೊಣಗಿದ. ಆದರೂ ಗೆರೆ ಎಳೆದ.

ಮೊದಲ ಎರಡು ದಿನ ಅವನ ಕೈ ಹಳೆಯ ಡಬ್ಬಿಯ ಕಡೆಗೇ ಹೋಗುತ್ತಿತ್ತು. ಐದನೆಯ ದಿನ ಸಂಜೆ ಕೆಲಸ ಮುಗಿಸಿ ಬಾಗಿಲು ಎಳೆಯುವಾಗ ಗೋಡೆಯತ್ತ ನೋಡಿದ. ಗರಗಸದ ಗೆರೆಯೊಳಗೆ ಗರಗಸವಿಲ್ಲ. ತಿರುಗಿ ಹೋಗಿ ನೋಡಿದರೆ ಕಿಟಕಿಯಲ್ಲಿತ್ತು. ತಂದು ತೂಗುಹಾಕಿ, ಮೇಲಿನ ಚಿಲಕ ಹಾಕಿದ.

"ಇಷ್ಟು ಬೇಗ ಮುಗೀತಾ?" ಎಂದು ಹೆಂಡತಿ ಕೇಳಿದಳು.

"ಹುಡುಕೋ ಕೆಲಸ ಇಲ್ವಲ್ಲ" ಎಂದ. "ದಿನಾ ಅರ್ಧ ಹೊತ್ತು ಅದಕ್ಕೇ ಹೋಗ್ತಿತ್ತು ಕಣೇ."

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಹತಾರಗಳಿರಬಹುದು. ಒಂದು ಕೋಣೆ ತುಂಬ ಇರಬಹುದು, ಒಂದು ಚೀಲದಷ್ಟೇ ಇರಬಹುದು. ಹರಿತವಾದದ್ದಕ್ಕೆ ಮರೆ ಮಾಡಿ, ಎತ್ತರದಲ್ಲಿಡಿ. ಪ್ಲಗ್ಗು ಕಿತ್ತು ಬೀಗ ಹಾಕಿ. ಎಲ್ಲಕ್ಕೂ ಒಂದೊಂದು ಜಾಗ ಗುರುತು ಮಾಡಿ. ಸಂಜೆ ಕೈ ತೊಳೆಯುವ ಮೊದಲು ಒಮ್ಮೆ ಕಣ್ಣಾಡಿಸಿ, ಯಾವುದಾದರೂ ಕಾಣದಿದ್ದರೆ ಅದು ಸಿಗುವವರೆಗೂ ಬಾಗಿಲು ಹಾಕಬೇಡಿ. ಇದಕ್ಕೆ ಬೇಕಾದದ್ದು ಒಂದು ಮಧ್ಯಾಹ್ನ, ಒಂದು ಹಲಗೆ, ಒಂದು ಪೆನ್ಸಿಲು. ಈ ವಾರದ ರಜೆಯ ದಿನವೇ ಮಾಡಿ. ಹೆದರಿದ ಮೇಲೆ ಮಾಡುವ ಕೆಲಸವನ್ನು ನೀವು ಹೆದರದೆಯೇ ಮಾಡಬಹುದು.