ಅಮ್ಮ ಹಾಕಿದ ಗಂಟು

ಯುದ್ಧ ವರ್ಷಗಟ್ಟಲೆ ಎಳೆದು, ಊರಿಗೆ ಊರೇ ಖಾಲಿಯಾಗಿ, ಜನ ಈಗ ನಿರಾಶ್ರಿತರ ಶಿಬಿರವಾಗಿರುವ ಈ ಹಳೆಯ ನೂಲಿನ ಗಿರಣಿಗೆ ಬಂದು ಬೀಳುತ್ತಾರೆ. ಅವರ ಮಕ್ಕಳಿಗೆ ಸ್ನಾನ ಮಾಡಿಸುವ ಆಯಾ ನಾನು. ನನ್ನ ಬಾಯಿ ಜೋರು. ಮಕ್ಕಳು ನನಗೆ ಗುಡುಗಮ್ಮ ಎಂದು ಹೆಸರಿಟ್ಟಿದ್ದಾರೆ. ಆದರೆ ಒಬ್ಬ ಹುಡುಗಿಯ ಮುಂದೆ ಮಾತ್ರ ನನ್ನ ಆಟ ನಡೆಯಲಿಲ್ಲ. ಅವಳು ಬೂಟು ಬಿಚ್ಚಲು ಬಿಡುತ್ತಿರಲಿಲ್ಲ. ಮಲಗುವಾಗಲೂ ಬೂಟು, ಸ್ನಾನಕ್ಕೂ ಬೂಟು.

"ಅಮ್ಮ ಕಟ್ಟಿದ್ದು. ಯಾರೂ ಬಿಚ್ಚಬಾರದು, ನಾನೇ ಬಂದು ಬಿಚ್ತೀನಿ ಅಂದಿದ್ದಾಳೆ," ಎನ್ನುತ್ತಿದ್ದಳು.

ಓಡುವಾಗ ಕಳಚದಿರಲಿ ಎಂದು ತಾಯಿ ಗಂಟಿನ ಮೇಲೆ ಗಂಟು ಬಿಗಿದಿದ್ದಳು. ಕಾಲು ಬೆಳೆಯಿತು, ಬೂಟು ಬೆಳೆಯಲಿಲ್ಲ. ಹರಿದ ತುದಿಯಿಂದ ಇಣುಕುತ್ತಿದ್ದ ಹೆಬ್ಬೆರಳು ಕೀವುಗಟ್ಟಿ ನಾರತೊಡಗಿತು. ಹೀಗೇ ಬಿಟ್ಟರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು.

ಅವಳ ಅಜ್ಜಿಯನ್ನು ಮೂಲೆಗೆ ಕರೆದು ದಬಾಯಿಸಿದೆ. "ಇವಳಮ್ಮ ಎಲ್ಲಿದ್ದಾಳೆ? ಬೇಗ ಹೇಳಿ ಕಳಿಸಿ."

ಮುದುಕಿ ನೆಲ ನೋಡಿದರು. "ದಾರೀಲೇ ಮಣ್ಣು ಮಾಡಿ ಬಂದ್ವಿ ಕಣಮ್ಮಾ. ಮಗು ನಿದ್ದೇಲಿತ್ತು. ಎದ್ದು ಕೇಳಿದಾಗ, ಹಿಂದಿನಿಂದ ಬರ್ತಾಳೆ ಅಂದೆ. ಆಮೇಲೆ ನಿಜ ಹೇಳೋಕೆ ಬಾಯೇ ಬರಲಿಲ್ಲ."

ಇನ್ನು ಮುಚ್ಚಿಡಬೇಡಿ, ನೀವೇ ಅವಳಿಗೆ ಹೇಳಿಬಿಡಿ ಎಂದು ಮೊದಲ ಸಲ ದನಿ ತಗ್ಗಿಸಿ ಕೇಳಿಕೊಂಡೆ.

ಮರುದಿನ ಬೆಳಿಗ್ಗೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಜ್ಜಿ ನಿಜ ಹೇಳಿದರು. ಹುಡುಗಿ ಅಳಲಿಲ್ಲ. ಎರಡೂ ಗಂಟುಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, "ಹಂಗಿದ್ರೆ ಇದನ್ನ ಬಿಚ್ಚಲೇಬೇಡಿ," ಎಂದಳು.

ನಾನು ಗಂಟಿನ ತಂಟೆಗೆ ಹೋಗಲಿಲ್ಲ. ಹಿಮ್ಮಡಿಯ ಕಡೆಯ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದೇ ಎಳೆ ಬಿಡಿಸಿ, ಎರಡೂ ಕಾಲುಗಳನ್ನು ಹಿಂದಿನಿಂದ ಮೆಲ್ಲಗೆ ಹೊರಗೆ ತೆಗೆದೆ. ಗಂಟು ಹಾಗೆಯೇ ಉಳಿಯಿತು. ಖಾಲಿ ಬೂಟುಗಳನ್ನು ಎದೆಗವಚಿಕೊಂಡು ಅವಳು ಆಗ ಅತ್ತಳು. ನಾನೂ ಅತ್ತೆ, ನಾಚಿಕೆಯಿಲ್ಲದೆ.

ಬೆರಳು ಉಳಿಯಿತು. ಗಾಯ ಮಾಗಿದ ಮೇಲೆ ಅವಳಿಗೆ ಹೊಸ ಬೂಟು ಬಂತು. ನಾನೇ ಮಂಡಿಯೂರಿ ಕುಳಿತು ಲೇಸು ಕಟ್ಟಿದೆ. ಸಡಿಲವಾಗದಿರಲಿ ಎಂದು ಇನ್ನೊಂದು ಗಂಟು ಹಾಕಲು ಹೋದಾಗ ಅವಳು ನನ್ನ ಕೈ ಹಿಡಿದಳು.

"ಒಂದೇ ಗಂಟು ಸಾಕು, ಗುಡುಗಮ್ಮ. ನೀನೂ ಬರದೇ ಹೋದ್ರೆ, ನಾನೇ ಬಿಚ್ಚಿಕೊಳ್ಳೋಕಾಗಬೇಕು."